ಏರಿ ನಮಗೆ, ಎದುರು ದಡ ಹಕ್ಕಿಗೆ

ನಮಸ್ಕಾರ. ಬೆಂಗಳೂರಿನಲ್ಲಿ ನಮ್ಮ ಮನೆಯ ಹತ್ತಿರ ಒಂದು ಕೆರೆಯಿದೆ. ಹೆಸರು ಬೇಡ. ಎರಡು ವರ್ಷ ಬೇಲಿ ಹಾಕಿ, ನೀರು ಬಸಿದು, ಹೂಳೆತ್ತಿ, ಪುನರುಜ್ಜೀವನ ಮುಗಿಯಿತೆಂದು ಗೇಟು ತೆರೆದರು. ಸುತ್ತಲೂ ನಡಿಗೆಯ ದಾರಿ, ಸಾಲುದೀಪ, ಸಿಮೆಂಟಿನ ಎರಡು ಜಿಂಕೆ. ಕೆರೆಗೆ ಜಿಂಕೆ ಯಾಕೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಮೊದಲು ಅಲ್ಲಿ ಜೊಂಡಿತ್ತು. ಬೆಳಿಗ್ಗೆ ನೇರಳೆ ಜಂಬುಕೋಳಿಯೊಂದು ಕೆಂಪು ಕಾಲು ಎತ್ತೆತ್ತಿ ಇಡುತ್ತಾ ಬಂದು, ಜೊಂಡಿನ ದಂಟನ್ನು ಬೆರಳುಗಳಲ್ಲಿ ಹಿಡಿದು, ನಾವು ಕಬ್ಬು ತಿನ್ನುವಂತೆ ಸಿಗಿದು ತಿನ್ನುತ್ತಿತ್ತು. ಜೆಸಿಬಿ ಬಂದ ಮೇಲೆ ಜೊಂಡೂ ಇಲ್ಲ, ಕೋಳಿಯೂ ಇಲ್ಲ.

ಆದದ್ದಿಷ್ಟೇ: ಕೆರೆಯನ್ನು ಬೋಗುಣಿ ಮಾಡಿಟ್ಟರು. ನಮ್ಮ ಹಿರಿಯರು ಕೆರೆ ಕಟ್ಟಿದ ರೀತಿ ನೋಡಿ. ತಗ್ಗಿನ ಕಡೆ ಮಾತ್ರ ಏರಿ. ಎದುರು ಕಡೆ ನೆಲ ನಿಧಾನವಾಗಿ ಮೇಲೇರುತ್ತದೆ; ಮಳೆಗಾಲದಲ್ಲಿ ನೀರು ಅಲ್ಲಿಗೆ ಹಬ್ಬುತ್ತದೆ, ಬೇಸಿಗೆಯಲ್ಲಿ ಹಿಂದೆ ಸರಿಯುತ್ತದೆ. ಮೆಟ್ಟುಗಾಲು, ಗೊರವದಂಥ ನೀರುಹಕ್ಕಿಗಳಿಗೆ ಬೇಕಾದದ್ದು ಆ ಪಾದ ಮುಳುಗುವಷ್ಟು ನೀರು, ಆ ಕೆಸರು. ಅದನ್ನೇ ಕಡಿದಾಗಿ ಅಗೆದು, ನಾಲ್ಕೂ ಕಡೆ ಏರಿ ಎಬ್ಬಿಸಿ, ಮೇಲೆ ಕಲ್ಲು ಹಾಸಿದರೆ ಉಳಿಯುವುದು ಬರೀ ನೀರಿನ ತೊಟ್ಟಿ.

ಹಾಗೆಂದು ಕೆರೆಗೆ ಮನುಷ್ಯ ಕಾಲಿಡಲೇಬಾರದು ಎನ್ನುವವರ ಪೈಕಿ ನಾನಲ್ಲ. ಪೈಪು, ಯಂತ್ರಗಳೆಲ್ಲ ಕೆರೆಗೆ ಶತ್ರು ಎಂದೂ ಹೇಳುವುದಿಲ್ಲ. ಬೆಂಗಳೂರಿನ ಉತ್ತರ ಭಾಗದ ಜಕ್ಕೂರು ಕೆರೆಗೆ ಹೋಗಿ ನೋಡಿ. ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದೊಂದಿಗೆ ಶುರುವಾದ ಘಟಕದಲ್ಲಿ ಕೊಳಚೆ ನೀರು ಶುದ್ಧವಾಗಿ, ಆಮೇಲೆ ಜೊಂಡಿನ ನಡುವೆ ಹಾದು ಕೆರೆ ಸೇರುತ್ತದೆ. ನೀರಿನಲ್ಲಿ ಉಳಿದ ಸಾರಜನಕ, ರಂಜಕವನ್ನು ಜೊಂಡು ಹೀರುತ್ತದೆ. ಕಾಲಕಾಲಕ್ಕೆ ಕೊಯ್ಯದಿದ್ದರೆ ಅದೇ ಜೊಂಡು ಕೊಳೆತು, ಹೀರಿದ್ದನ್ನೆಲ್ಲ ವಾಪಸ್ ಕೊಡುತ್ತದೆ ಎನ್ನುವುದು ಬೇರೆ ಮಾತು. ಅಲ್ಲಿ ಮೀನು ಹಿಡಿಯುವವರಿದ್ದಾರೆ, ದನಕ್ಕೆ ಹುಲ್ಲು ಕೊಯ್ಯುವವರಿದ್ದಾರೆ. ನಮ್ಮ ಗೇಟಿನ ಕಾವಲುಗಾರ ಕುಡುಗೋಲು ಕಂಡರೆ ಸಾಕು, ತಡೆಯುತ್ತಾನೆ. ಓಡುವ ಬೂಟಿಗೆ ಮಾತ್ರ ಸಲಾಮು. ಸಾರ್ವಜನಿಕರೆಂದರೆ ಯಾರು ಎಂಬುದನ್ನು ಆ ಗೇಟೇ ತೀರ್ಮಾನಿಸಿಬಿಟ್ಟಿದೆ.

2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಜಾಗವನ್ನು ಏನೂ ಕಟ್ಟದೆ ಬಿಡಬೇಕೆಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಬೇಲಿಯ ಹೊರಗಿನ ಆ ಜಗಳ ಹಾಗಿರಲಿ. ಬೇಲಿಯ ಒಳಗಿನ ದಡಕ್ಕೆ ಯಾವ ಕೋರ್ಟು ಅಡ್ಡ ಬಂದಿದೆ?

ಕಳೆದ ವಾರ ಬಡಾವಣೆಯ ಸಭೆಯಲ್ಲಿ ಇದನ್ನೇ ಕೇಳಿದೆ. ಎದುರು ದಡದ ದಾರಿ ಕೀಳಿಸಿ, ದೀಪ ಆರಿಸಿ, ಇಳಿಜಾರು ಮಾಡಿಸಿ. ನಾವು ಏರಿಯ ಮೇಲೆ ನಡೆಯೋಣ ಎಂದೆ. ಹಿರಿಯರೊಬ್ಬರು ಕೈಗಡಿಯಾರ ತೋರಿಸಿದರು. "ಸುತ್ತು ಪೂರ್ತಿಯಾಗುವುದಿಲ್ಲವಲ್ಲ, ಹೆಜ್ಜೆ ಲೆಕ್ಕ ಹೇಗೆ?" "ಏರಿಯ ಮೇಲೆ ಎರಡು ಸಲ ಹೋಗಿ ಬನ್ನಿ ಸಾರ್, ಸರಿಹೋಗುತ್ತದೆ" ಎಂದೆ. ಅವರು ಒಪ್ಪಲಿಲ್ಲ. ಭಾನುವಾರ ಮತ್ತೆ ಸಭೆಯಿದೆ.