ಮಡ್‌ಗಾರ್ಡ್ ಎಷ್ಟು ದಪ್ಪ?

ಕೇಳುಗರಿಗೆ ನಮಸ್ಕಾರ.

ಪ್ಲಾಸ್ಟಿಕ್ ಕಿಟ್ ತಂದು, ಜೊತೆಗೆ ಬಂದ ಹಾಳೆ ನೋಡಿಕೊಂಡು ಜೋಡಿಸಿ, ಬಣ್ಣ ಹೊಡೆದು, ಕಪಾಟಿನಲ್ಲಿ ಒಂದು ಯುದ್ಧಟ್ಯಾಂಕು ನಿಲ್ಲಿಸಿದ್ದೀರಿ. ಅಂಥವರು ಈಗ ಕೇಳುತ್ತಿದ್ದೀರಿ ಅಂದುಕೊಂಡೇ ಮಾತು ಶುರು ಮಾಡುತ್ತೇನೆ. ಕೆಲಸ ಅಚ್ಚುಕಟ್ಟಾಗಿಯೇ ಆಗಿದೆ. ಅಂಟು ಎಲ್ಲೂ ಚೆಲ್ಲಿಲ್ಲ, ಬಣ್ಣ ಎಲ್ಲೂ ಸೋರಿಲ್ಲ. ಆದರೂ ಎರಡು ಹೆಜ್ಜೆ ಹಿಂದೆ ನಿಂತು ನೋಡಿದರೆ ಆಟಿಕೆ ಥರವೇ ಕಾಣುತ್ತೆ. ಯಾಕೆ?

ಬಣ್ಣ ಸರಿ ಇಲ್ಲ ಅಂತ ಕೆಲವರು ಹೇಳುತ್ತಾರೆ. ಕೆಸರು ಮೆತ್ತಿಲ್ಲ, ತುಕ್ಕು ಬಳಿದಿಲ್ಲ ಅಂತ ಇನ್ನು ಕೆಲವರು. ಅಂಗಡಿಗೆ ಹೋಗಿ ಇನ್ನೂ ನಾಲ್ಕು ಬಾಟಲಿ ಬಣ್ಣ ತರುತ್ತಾರೆ. ದಯವಿಟ್ಟು ತರಬೇಡಿ. ತೊಂದರೆ ಇರುವುದು ದಪ್ಪದಲ್ಲಿ. ಇವತ್ತು ನಾನು ಹೇಳಲು ಬಂದಿರುವುದು ಇದೊಂದೇ. ಬಿಡಿಭಾಗ ಯಾವುದೇ ಇರಲಿ, ಮೊದಲು ಅದರ ದಪ್ಪ ನೋಡಿ.

ಲೆಕ್ಕ ಬಹಳ ಸುಲಭ. ಟ್ಯಾಂಕಿನ ಮಾಡೆಲ್‌ಗಳಲ್ಲಿ ಜಾಸ್ತಿ ಸಿಗುವುದು 35ರಲ್ಲಿ ಒಂದು ಅಳತೆ. ಈ 35 ಯಾವ ದೊಡ್ಡ ಶಾಸ್ತ್ರದಿಂದಲೂ ಬಂದದ್ದಲ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ಟಮಿಯಾ ಕಂಪನಿಯವರು ಜರ್ಮನ್ ಪ್ಯಾಂಥರ್ ಟ್ಯಾಂಕಿನ ಕಿಟ್ ಮಾಡಿದರು. ಒಳಗೆ ಪುಟ್ಟ ಮೋಟರು, ಬ್ಯಾಟರಿ ಕೂರಬೇಕಿತ್ತು. ಅದಕ್ಕೆ ಬೇಕಾದ ಜಾಗ ನೋಡಿಕೊಂಡು ಟ್ಯಾಂಕಿನ ಗಾತ್ರ ಇಟ್ಟರು. ಆಮೇಲೆ ಅಳೆದು ನೋಡಿದರೆ ಸುಮಾರು 35ರಲ್ಲಿ ಒಂದು! ಆ ಅಳತೆಯೇ ಬೇರೆ ಕಂಪನಿಗಳಿಗೂ ಅಭ್ಯಾಸವಾಯಿತು.

ಹಾಗಾಗಿ ನಿಮ್ಮ ಮೇಜಿನ ಮೇಲಿನ 1 ಮಿಲಿಮೀಟರ್ ಅಂದರೆ ನಿಜವಾದ ಟ್ಯಾಂಕಿನಲ್ಲಿ 35 ಮಿಲಿಮೀಟರ್. ಇದನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ. ನಾನು ತಮಾಷೆ ಮಾಡುತ್ತಿಲ್ಲ, ನಿಜವಾಗಿಯೂ ಅಂಟಿಸಿ.

ಕಿಟ್ ಮಾಡುವವರಿಗೆ ಇದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಆದರೆ ಅವರು ಬಿಸಿ ಪ್ಲಾಸ್ಟಿಕ್ಕನ್ನು ಒತ್ತಡದಿಂದ ಉಕ್ಕಿನ ಅಚ್ಚಿಗೆ ತುಂಬಬೇಕು. ತೀರಾ ಕಿರಿದಾದ ಸಂದಿಯಲ್ಲಿ ಅದು ಕೊನೆಯವರೆಗೂ ಹರಿಯುವುದಿಲ್ಲ, ನಡುವೆಯೇ ತಣ್ಣಗಾಗಿ ನಿಂತುಬಿಡುತ್ತೆ. ಅದಕ್ಕೇ ಹೆಚ್ಚಿನ ಭಾಗಗಳು 1 ಮಿಲಿಮೀಟರ್ ಆಸುಪಾಸಿನಲ್ಲಿ ಇರುತ್ತವೆ. ಅವರ ಕಷ್ಟ ಅವರದು. ಅದನ್ನು ಸರಿ ಮಾಡುವ ಕೆಲಸ ನಮ್ಮದು.

ಇಲ್ಲಿ ನನ್ನ ಗೆಳೆಯನ ಮಾವನವರ ಕಥೆ ಹೇಳಲೇಬೇಕು. ಸ್ವಲ್ಪ ಉದ್ದ ಇದೆ, ಕೇಳಿ.

ಗೆಳೆಯ ಸೋವಿಯತ್ ಟಿ-34 ಟ್ಯಾಂಕು ಕಟ್ಟುತ್ತಿದ್ದ. ಅದಕ್ಕೆ ಅವನು ತರಿಸದ ಸಾಮಾನೇ ಇರಲಿಲ್ಲ. ಲೇತಿನಲ್ಲಿ ಕಡೆದ ಅಲ್ಯುಮಿನಿಯಂ ಫಿರಂಗಿ ನಳಿಕೆ, ಕೊಂಡಿ ಕೊಂಡಿ ಬಿಡಿಯಾಗಿ ಜೋಡಿಸುವ ಚೈನು, ಆಸಿಡ್‌ನಲ್ಲಿ ಕೊರೆದ ಹಿತ್ತಾಳೆ ತಗಡಿನ ಜಾಲರಿ, ಎಲ್ಲ ಬಂತು. ಆದರೂ ಟ್ಯಾಂಕು ಆಟಿಕೆ ಥರವೇ ಕಾಣುತ್ತಿತ್ತು. ಅವನ ಮಾವ ಜೀವನವಿಡೀ ತಗಡಿನ ಕೆಲಸ ಮಾಡಿದವರು. ಟ್ಯಾಂಕಿನ ಗಂಧಗಾಳಿ ಗೊತ್ತಿಲ್ಲ. ಒಂದು ಸಂಜೆ ಮೇಜಿನ ಹತ್ತಿರ ಬಂದು, ಕನ್ನಡಕ ಏರಿಸಿಕೊಂಡು, ಟ್ಯಾಂಕು ಕೈಗೆತ್ತಿಕೊಂಡರು. ಅಷ್ಟು ಖರ್ಚು ಮಾಡಿ ತಂದ ನಳಿಕೆ ನೋಡಲಿಲ್ಲ, ಚೈನು ನೋಡಲಿಲ್ಲ. ಮುಂದಿನ ಮಡ್‌ಗಾರ್ಡಿನ ಅಂಚಿನ ಮೇಲೆ ಹೆಬ್ಬೆರಳು ಎಳೆದರು.

"ಅಳಿಯಂದಿರೇ, ಇದೇನಿದು?"

"ಮಡ್‌ಗಾರ್ಡ್, ಮಾವ."

"ಮಡ್‌ಗಾರ್ಡೋ, ರೈಲು ಕಂಬಿಯೋ?"

ಗೆಳೆಯನಿಗೆ ಸಿಟ್ಟು ಬಂತು. ದಪ್ಪ ಅಳೆಯುವ ಕ್ಯಾಲಿಪರ್ ತಂದು ಅವರ ಕೈಗೇ ಕೊಟ್ಟ. ಮಾವ ಅಳೆದರು. 1.1 ಮಿಲಿಮೀಟರ್. "ನಿಮ್ಮ ಲೆಕ್ಕದಲ್ಲಿ ಇದನ್ನು ಎಷ್ಟರಿಂದ ಗುಣಿಸಬೇಕು?" ಅಂದರು. 35 ಅಂದ. ಮಾವ ಕಾಗದದ ಮೇಲೆ ಗುಣಿಸಿ ತೋರಿಸಿದರು. ಮೂವತ್ತೆಂಟೂವರೆ ಮಿಲಿಮೀಟರ್!

"ಸರಿ, ಈ ಟ್ಯಾಂಕಿಗೆ ಗುಂಡು ತಡೆಯುವ ಮುಂದಿನ ಗೋಡೆ ಎಷ್ಟು ದಪ್ಪ?"

ಟಿ-34ರ ಮುಂದಿನ ಗೋಡೆ 45 ಮಿಲಿಮೀಟರ್. ಅದು ಗೆಳೆಯನಿಗೆ ಬಾಯಿಪಾಠ. ಹೇಳಿದ. ಹೇಳುತ್ತಾ ಹೇಳುತ್ತಾ ಅವನ ಧ್ವನಿಯೇ ಸಣ್ಣಗಾಯಿತು.

"ಶತ್ರುವಿನ ಗುಂಡು ತಡೆಯಲು 45, ಕೆಸರು ತಡೆಯಲು ಮೂವತ್ತೆಂಟೂವರೆ. ಯಾವ ಪುಣ್ಯಾತ್ಮ ಎಂಜಿನಿಯರ್ ಇದನ್ನು ಮಾಡಿದ್ದು?"

ನಿಜವಾದ ಮಡ್‌ಗಾರ್ಡ್ ಕೆಲವೇ ಮಿಲಿಮೀಟರಿನ ತಗಡು. 3 ಮಿಲಿಮೀಟರ್ ಅಂತಲೇ ಇಟ್ಟುಕೊಂಡರೂ ಮಾಡೆಲ್‌ನಲ್ಲಿ ಅದು 0.09 ಮಿಲಿಮೀಟರ್ ಆಗುತ್ತೆ. ತಂಪು ಪಾನೀಯದ ಅಲ್ಯುಮಿನಿಯಂ ಡಬ್ಬಿಯ ಗೋಡೆ ಇದೆಯಲ್ಲ, ಅದು ಸುಮಾರು 0.1 ಮಿಲಿಮೀಟರ್. ಹೇಳಿ ಮಾಡಿಸಿದ ಹಾಗಿದೆ! ಮಾವನವರು ಖಾಲಿ ಡಬ್ಬಿಯೊಂದನ್ನು ತಂದು ಕೂತೇಬಿಟ್ಟರು.

ಅವರು ಮಾಡಿದ ರೀತಿ ಕೇಳಿ, ನೀವೂ ಹಾಗೇ ಮಾಡಬಹುದು. ಕಿಟ್ಟಿನ ಮಡ್‌ಗಾರ್ಡನ್ನು ಕಿತ್ತು ಹಾಕುವ ಮೊದಲೇ ಅದರ ಮೇಲೆ ತೆಳು ಕಾಗದ ಇಟ್ಟು, ಪೆನ್ಸಿಲ್ಲಿನಿಂದ ಉಜ್ಜಿ ಆಕಾರ ತೆಗೆದುಕೊಂಡರು. ಆಮೇಲೆ ಬ್ಲೇಡ್ ಚಾಕುವಿನಿಂದ ಅದೇ ಗೆರೆಯ ಮೇಲೆ ಮತ್ತೆ ಮತ್ತೆ ಮೆಲ್ಲಗೆ ಎಳೆದು ಪ್ಲಾಸ್ಟಿಕ್ ಬಿಡಿಸಿದರು. ಡಬ್ಬಿಯ ತಗಡಿನ ಬಣ್ಣವನ್ನು ಎಮರಿ ಪೇಪರ್‌ನಿಂದ ಉಜ್ಜಿ ತೆಗೆದರು. ಕಾಗದದ ನಕ್ಷೆಯನ್ನು ಅದರ ಮೇಲೆ ಅಂಟಿಸಿ ಕತ್ತರಿಸಿದರು. ಮಡ್‌ಗಾರ್ಡಿನ ಮೇಲೆ ಉಬ್ಬು ಗೆರೆ ಬೇಕಲ್ಲ, ಅದಕ್ಕೆ ತಗಡನ್ನು ದಪ್ಪ ರಟ್ಟಿನ ಮೇಲೆ ಬೋರಲು ಹಾಕಿ, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಎಳೆದರು. ತಿರುಗಿಸಿ ನೋಡಿದರೆ ಗೆರೆ ಉಬ್ಬಿ ನಿಂತಿದೆ. ಬಾಗು ಬರಲು ಒಂದು ದುಂಡು ಪೆನ್ಸಿಲ್ ಸಾಕಾಯಿತು. ಅಂಚು ಮಡಿಸಲು ಎರಡು ಸ್ಟೀಲ್ ಅಳತೆಪಟ್ಟಿಗಳ ನಡುವೆ ಹಿಡಿದು ಒಮ್ಮೆ ಬಗ್ಗಿಸಿದರು. ಕೂರಿಸಲು ಸೂಪರ್‌ಗ್ಲೂ. ಪ್ಲಾಸ್ಟಿಕ್ ಅಂಟು ಲೋಹವನ್ನು ಹಿಡಿಯುವುದಿಲ್ಲ, ಹಚ್ಚಿ ಕಾಯುತ್ತಾ ಕೂರಬೇಡಿ.

ಕೂರಿಸುವಾಗ ಮಾವನವರ ಬೆರಳು ತಾಗಿ ಒಂದು ಮೂಲೆ ನೆಗ್ಗಿಹೋಯಿತು. ಗೆಳೆಯ "ಅಯ್ಯೋ" ಅಂದ. ಮಾವ ತಲೆಯನ್ನೂ ಎತ್ತಲಿಲ್ಲ. "ತಗಡು ಅಂದ ಮೇಲೆ ನೆಗ್ಗದೆ ಇರುತ್ತಾ?" ಅಂದರಂತೆ.

ಆ ನೆಗ್ಗನ್ನು ಗೆಳೆಯ ಹಾಗೇ ಬಿಟ್ಟ. ಯುದ್ಧಕಾಲದ ಫೋಟೋಗಳನ್ನು ನೋಡಿ, ಎಷ್ಟೋ ಟ್ಯಾಂಕುಗಳ ಮಡ್‌ಗಾರ್ಡ್ ನೆಟ್ಟಗೆ ಇರುವುದೇ ಇಲ್ಲ. ಗೋಡೆಗೆ ತಾಗಿ, ಮರಕ್ಕೆ ತಾಗಿ ಸೊಟ್ಟಗಾಗಿರುತ್ತೆ. ಕೆಲವಕ್ಕೆ ಕಿತ್ತೇ ಹೋಗಿರುತ್ತೆ. ಪ್ಲಾಸ್ಟಿಕ್ಕಿನಲ್ಲಿ ಇದನ್ನು ತೋರಿಸಲು ಬಿಸಿ ಮಾಡಿ, ಕೊರೆದು, ಉಜ್ಜಿ ಒದ್ದಾಡಬೇಕು. ತಗಡಿನಲ್ಲಿ ಬೆರಳಿಂದ ಒತ್ತಿದರೆ ಆಯಿತು.

ಹೀಗೇ ಕಿಟ್ಟಿನ ಮೇಲೆಲ್ಲ ಕಣ್ಣಾಡಿಸಿ. ಸಾಮಾನಿನ ಪೆಟ್ಟಿಗೆಗಳ ಮುಚ್ಚಳ, ಎಂಜಿನ್ ಹಿಂದೆ ಇಂಧನದ ಡ್ರಮ್ಮು ಕಟ್ಟುವ ಪಟ್ಟಿ, ದೀಪದ ಸುತ್ತಲಿನ ಕಾವಲು, ಎಲ್ಲ ತಗಡು, ಎಲ್ಲ ದಪ್ಪ. ಪೂರ್ತಿ ಹೊಸದಾಗಿ ಮಾಡಲು ಬೇಸರವಾದರೆ ಅಂಚನ್ನಷ್ಟೇ ಒಳಗಡೆಯಿಂದ ಓರೆಯಾಗಿ ಹೆರೆಯಿರಿ. ನೋಡುವವರ ಕಣ್ಣಿಗೆ ಬೀಳುವುದು ಅಂಚು ಮಾತ್ರ.

ಟಿ-34ರ ಮೈಮೇಲೆ ಸೈನಿಕರು ಹಿಡಿದುಕೊಂಡು ಕೂರಲು ಕಂಬಿಗಳಿದ್ದವು. ಕೆಲವು ಕಿಟ್ಟುಗಳಲ್ಲಿ ಈ ಕಂಬಿ ಗೋಡೆಗೇ ಅಂಟಿಕೊಂಡು ಬರುತ್ತೆ, ಕೆಳಗೆ ಬೆರಳು ತೂರಿಸಲು ಜಾಗವೇ ಇರುವುದಿಲ್ಲ. ಹಾಗಿದ್ದರೆ ಹೆರೆದು ತೆಗೆಯಿರಿ. 0.5 ಮಿಲಿಮೀಟರ್ ತಂತಿ ಹಾಕಿ. 35ರಿಂದ ಗುಣಿಸಿದರೆ ಹದಿನೇಳೂವರೆ, ಕೈಗೆ ಹಿಡಿಯಲು ಸರಿಯಾದ ಕಂಬಿ. ಎಲ್ಲ ಕಂಬಿಯೂ ಒಂದೇ ಅಳತೆಗೆ ಬರಬೇಕಾದರೆ ಮರದ ತುಂಡಿಗೆ ಎರಡು ಮೊಳೆ ಹೊಡೆದು ಅದಕ್ಕೇ ಬಗ್ಗಿಸಿ.

ಹಾಗಂತ ಎಲ್ಲವನ್ನೂ ತೆಳು ಮಾಡುತ್ತಾ ಹೋಗಬೇಡಿ! ನಾನು ತೆಳು ಮಾಡಿ ಅನ್ನಲಿಲ್ಲ, ದಪ್ಪ ನೋಡಿ ಅಂದೆ. ಜರ್ಮನಿಯ ಟೈಗರ್ ಟ್ಯಾಂಕಿನ ಗೋಪುರದ, ಅಂದರೆ ಫಿರಂಗಿ ಹೊತ್ತು ತಿರುಗುವ ಮೇಲಿನ ಭಾಗದ, ಪಕ್ಕದ ಗೋಡೆ 80 ಮಿಲಿಮೀಟರ್. ಅದರ ಹಿಂಬದಿಗೆ, ಬಲಗಡೆ, ತಪ್ಪಿಸಿಕೊಳ್ಳಲು ಒಂದು ದುಂಡು ಬಾಗಿಲು. ಆ ಬಾಗಿಲನ್ನು ತೆರೆದಿಟ್ಟು ತೋರಿಸುವವರು ಇದ್ದಾರೆ. ತೆರೆದರೆ 2.3 ಮಿಲಿಮೀಟರ್ ದಪ್ಪದ ಗೋಡೆ ಕಾಣಬೇಕು. ಬರೀ ಕಿಟ್ಟಿನ ಪ್ಲಾಸ್ಟಿಕ್ ಕಂಡರೆ ಟೈಗರ್ ಬಿಸ್ಕತ್ತಿನ ಡಬ್ಬಿಯಾಗುತ್ತೆ. ಒಳಗಡೆಯಿಂದ ಪ್ಲಾಸ್ಟಿಕ್ ಪಟ್ಟಿ ಸುತ್ತಿ ದಪ್ಪ ಮಾಡಿ.

ಟೈಮು ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ.

ನಕ್ಷೆ ಸಿಗದ ಭಾಗವನ್ನು ಫೋಟೋ ನೋಡಿಯೇ ಅಳೆಯಬಹುದು. ಟಿ-34ರ ಚಕ್ರದ ಅಡ್ಡಳತೆ 830 ಮಿಲಿಮೀಟರ್. ಪಕ್ಕದಿಂದ ನೇರವಾಗಿ ತೆಗೆದ ಫೋಟೋದಲ್ಲಿ ಚಕ್ರ 40 ಮಿಲಿಮೀಟರ್ ಇದೆ, ಅದರ ಮೇಲಿನ ಪೆಟ್ಟಿಗೆ 20 ಇದೆ ಅನ್ನಿ. ಪೆಟ್ಟಿಗೆ ಚಕ್ರದ ಅರ್ಧ, ಅಂದರೆ 415. ಅದನ್ನು 35ರಿಂದ ಭಾಗಿಸಿದರೆ ಹೆಚ್ಚುಕಡಿಮೆ 12 ಮಿಲಿಮೀಟರ್. ಅಷ್ಟೇ ಲೆಕ್ಕ.

ಪೆಟ್ಟಿಗೆ ಮಾಡಲು ಸ್ಟೈರೀನ್ ಅನ್ನುವ ಬಿಳಿ ಪ್ಲಾಸ್ಟಿಕ್ ಹಾಳೆ ತನ್ನಿ. 0.25 ಮತ್ತು 0.5 ಮಿಲಿಮೀಟರ್, ಎರಡು ಬಗೆ ಇದ್ದರೆ ಬಹಳ ಕೆಲಸ ಆಗುತ್ತೆ. ಅದನ್ನು ಪೂರ್ತಿ ಕತ್ತರಿಸಬೇಡಿ. ಮೇಲೆ ಒಂದು ಗೀರು ಎಳೆದು ಮುರಿಯಿರಿ, ನೆಟ್ಟಗೆ ಮುರಿಯುತ್ತೆ.

ಬೆಸುಗೆಯ ಗೆರೆ ಮಾಡಲು, ಕಿಟ್ಟಿನ ಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿ ಸಾಕು. ಮೇಣದಬತ್ತಿಯ ಜ್ವಾಲೆಗೆ ಸ್ವಲ್ಪ ಮೇಲೆ ಹಿಡಿದು, ಮೆತ್ತಗಾದ ತಕ್ಷಣ ಎರಡೂ ಕಡೆಗೆ ಎಳೆಯಿರಿ. ಬೇಗ ಎಳೆದರೆ ಸಣ್ಣ ಎಳೆ, ನಿಧಾನವಾಗಿ ಎಳೆದರೆ ದಪ್ಪ ಎಳೆ. ಆ ಎಳೆಯನ್ನು ಸಂದಿಯಲ್ಲಿ ಇಟ್ಟು, ನೀರಿನಂಥ ತೆಳು ಅಂಟು ಸವರಿ. ಪ್ಲಾಸ್ಟಿಕ್ ಮೆತ್ತಗಾದಾಗ ಚಾಕುವಿನ ಮೊನೆಯಿಂದ ಒತ್ತೊತ್ತಾಗಿ ಗುರುತು ಒತ್ತಿ. ಎಳೆ 0.3 ಮಿಲಿಮೀಟರ್ ದಾಟದಿರಲಿ. ಹೌದು, ಮತ್ತೆ ದಪ್ಪದ ಮಾತೇ!

ಅಮೆರಿಕದ ಶರ್ಮನ್ ಟ್ಯಾಂಕಿನಲ್ಲಿ ಎಂ4ಎ1 ಅನ್ನುವ ಬಗೆಗೆ ಎರಕ ಹೊಯ್ದ ಮೈ. ಅದು ನಯವಾಗಿರಬಾರದು. ತೆಳು ಅಂಟು ಸವರಿ, ಕೂದಲು ಗಿಡ್ಡ ಮಾಡಿದ ಬ್ರಷ್ಷಿನಿಂದ ಕುಕ್ಕಿ. ಮೆಲ್ಲಗೆ, ಮೊಡವೆ ಬರಿಸಬೇಡಿ.

ಟ್ಯಾಂಕು ಎಳೆಯುವ ಉಕ್ಕಿನ ಹಗ್ಗಕ್ಕೆ ಹಳೆ ವೈರಿನ ತಾಮ್ರದ ಎಳೆಗಳನ್ನು ಹೊಸೆದು, ಒಮ್ಮೆ ಬೆಂಕಿಗೆ ಹಿಡಿಯಿರಿ. ಮೆತ್ತಗಾಗುತ್ತೆ. ಉಕ್ಕಿನ ಹಗ್ಗ ತನ್ನ ಭಾರಕ್ಕೆ ಜೋತು ಬಿದ್ದ ಹಾಗೆ ಕೂರುತ್ತೆ. ಜರ್ಮನ್ ಟ್ಯಾಂಕಿನ 2 ಮೀಟರ್ ಆಂಟೆನಾಕ್ಕೆ 57 ಮಿಲಿಮೀಟರ್ ಉದ್ದದ ಸಣ್ಣ ತಂತಿ. ಅಯಸ್ಕಾಂತದ ಬಾಂಬು ಅಂಟದಿರಲಿ ಅಂತ 1943ರಿಂದ 1944ರ ಸೆಪ್ಟೆಂಬರ್‌ವರೆಗೆ ಜರ್ಮನರು ಹೊಸ ಟ್ಯಾಂಕುಗಳಿಗೆ ಬಳಿದ ಜಿಮ್ಮೆರಿಟ್ ಲೇಪವೂ ಕೆಲವೇ ಮಿಲಿಮೀಟರ್. ಎಪಾಕ್ಸಿ ಪುಟ್ಟಿಯಲ್ಲಿ ಮಾಡುವವರು ಗೋಡೆಗೆ ಗಾರೆ ಹೊಡೆದ ಹಾಗೆ ಮೆತ್ತುತ್ತಾರೆ. ಬೇಡ.

ಈಗ ಮನೆಯಲ್ಲೇ ತ್ರೀಡಿ ಪ್ರಿಂಟರ್ ಇದೆ, ಇದೆಲ್ಲ ಯಾಕೆ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಧಾರಾಳವಾಗಿ ಪ್ರಿಂಟ್ ಮಾಡಿ. ಆದರೆ ಆ ಯಂತ್ರಕ್ಕೆ ಅಳತೆ ಹೇಳುವವರು ನೀವೇ ಅಲ್ವಾ? 1 ಮಿಲಿಮೀಟರ್ ಅಂತ ಹೇಳಿದರೆ ಅದು ಸುಮ್ನೆ 1 ಮಿಲಿಮೀಟರ್ ಮಡ್‌ಗಾರ್ಡನ್ನೇ ಮಾಡಿ ಕೊಡುತ್ತೆ.

ಬೋಲ್ಟುಗಳ ಬಗ್ಗೆ ಹೇಳಲು ಸಮಯ ಇಲ್ಲ. ಆರು ಮೂಲೆಯ ಪ್ಲಾಸ್ಟಿಕ್ ಕಡ್ಡಿ ತಂದು ಹೋಳು ಹೋಳಾಗಿ ಕತ್ತರಿಸಿಕೊಳ್ಳಿ. ಹೋಳು ಹಾರಿ ಹೋಗುತ್ತೆ, ಕೆಳಗೆ ಬಿಳಿ ಬಟ್ಟೆ ಹಾಸಿರಿ. ಎಲ್ಲ ಕೂರಿಸಿದ ಮೇಲೆ, ಅಸಲಿ ಬಣ್ಣಕ್ಕೆ ಮೊದಲು, ಬೂದು ಪ್ರೈಮರ್ ಒಂದು ತೆಳು ಕೋಟು ಹೊಡೆಯಿರಿ. ಪ್ಲಾಸ್ಟಿಕ್, ತಗಡು, ತಾಮ್ರ ಎಲ್ಲ ಒಂದೇ ಬಣ್ಣ ಆದಾಗ ಬಿಟ್ಟುಹೋದ ಸಂದಿಗಳು ತಾವಾಗಿಯೇ ಕಾಣುತ್ತವೆ. ಕೋಟು ತೆಳುವಾಗಿರಲಿ ಅಂತ ಇನ್ನೊಮ್ಮೆ ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ. ನಮಸ್ಕಾರ.