ಸೊಪ್ಪು ಬಾಗಿಲಿಗೆ ಬರಬೇಕು

ಕೇಳುಗರಿಗೆ ನಮಸ್ಕಾರ. ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಎಲ್ಲಿದ್ದರೂ ಸರಿ, ಒಲೆಯ ಪಕ್ಕ ರೇಡಿಯೋ ಇಟ್ಟುಕೊಂಡು ಕೆಲಸ ಮಾಡುತ್ತಿದ್ದೀರಿ ಅಂದುಕೊಂಡು ಮಾತಾಡುತ್ತೇನೆ. ವಿಷಯ, ಕೋವಿಡ್ ಕಾಲದ ಊಟ. ಅದೆಲ್ಲ ಮುಗಿದ ಕಥೆ ಎನ್ನಬೇಡಿ. ಇನ್ನೊಂದು ರೋಗ ಬಂದು ಬಾಗಿಲು ಹಾಕಿದರೆ ಪೇಟೆಯ ಬಡವರು ಏನು ತಿನ್ನಬೇಕು? ಈಗಲೇ ಯೋಚಿಸಬೇಕಲ್ವಾ?

ನಾನು ಆಹಾರ ತಜ್ಞೆ. ಆಗ ನನಗೆ ಬರುತ್ತಿದ್ದ ಫೋನುಗಳಲ್ಲಿ ಕಷಾಯದ್ದೇ ಜಾಸ್ತಿ. ಅರಿಶಿನದ ಹಾಲು ಕುಡಿಯಬಹುದಾ, ಕಾಳುಮೆಣಸಿನ ಕಷಾಯ ದಿನಕ್ಕೆ ಎಷ್ಟು ಸಲ? ಕುಡಿಯಿರಿ, ಬೇಡ ಅಂದವರು ಯಾರು! ಆದರೆ ಬಟ್ಟಲಲ್ಲಿ ಸೊಪ್ಪಿಲ್ಲ, ಹಣ್ಣಿಲ್ಲ, ಮೀನಿಲ್ಲ, ಬರೀ ಅನ್ನ ಎಂದಾದರೆ ಕಷಾಯ ಏನು ಮಾಡೀತು? ಹಣ್ಣು ತರಕಾರಿ ಸೇರಿ ಒಬ್ಬರಿಗೆ ದಿನಕ್ಕೆ ಕಡಿಮೆಯೆಂದರೂ 400 ಗ್ರಾಂ ಬೇಕು. ಇದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ನನ್ನದು ಒಂದೇ ಮಾತು. ಅದು ನಡೆದು ಹೋಗುವಷ್ಟು ಹತ್ತಿರ ಸಿಗಬೇಕು, ಇಲ್ಲವಾದರೆ ಬಾಗಿಲಿಗೆ ಬರಬೇಕು.

2020ರ ಮಾರ್ಚ್ ಕೊನೆ ನೆನಪಿದೆ ತಾನೆ? ಕಾಸರಗೋಡಿನಲ್ಲಿ ಬಿಗಿ ಜಾಸ್ತಿ. ಬಸ್ಸಿಲ್ಲ. ಗಡಿಯ ರಸ್ತೆಗಳಿಗೆ ಮಣ್ಣು ಸುರಿದಿದ್ದರು. ಬುಟ್ಟಿ ಹೊತ್ತು ಬರುವ ಮೀನಿನ ಹೆಂಗಸರ ಕೂಗು ನಿಂತಿತು. ಕೇರಳ ಸರಕಾರ ಕಿಟ್ ಕೊಟ್ಟಿತು. ಕಾರ್ಡು ಹಳದಿಯೋ ಗುಲಾಬಿಯೋ ನೀಲಿಯೋ ಬಿಳಿಯೋ ಅಂತ ನೋಡಲಿಲ್ಲ, ಎಲ್ಲರಿಗೂ 17 ಬಗೆ ಸಾಮಾನು. ಕಡಲೆ, ಹೆಸರು, ಬೇಳೆ, ರವೆ, ಎಣ್ಣೆ, ಸಾಸಿವೆ ಸಹ. ಒಳ್ಳೆಯ ಕೆಲಸ. ಹೊಟ್ಟೆ ತುಂಬಿತು. ಆದರೆ ಬಸಳೆಯನ್ನು ಚೀಲಕ್ಕೆ ಹಾಕಿ ರೇಷನ್ ಅಂಗಡಿಯಲ್ಲಿ ಇಡಲಾಗುತ್ತದಾ? ಸಂಬಳ ನಿಂತವರಿಗೆ ಅಕ್ಕಿ ಬಿಟ್ಟಿ ಸಿಕ್ಕಿತು, ತರಕಾರಿಗೆ ಮಾತ್ರ ಕೈಯಲ್ಲಿ ಕಾಸು ಬೇಕಿತ್ತು. ಹಾಗಾಗಿ ಮೊದಲು ಬಿಟ್ಟದ್ದೇ ತರಕಾರಿ.

ಹಳ್ಳಿಯ ಕಡೆ ತೋಟವಿದ್ದವರಿಗೆ ಅಷ್ಟು ಬಿಸಿ ತಟ್ಟಲಿಲ್ಲ. ಗುಜ್ಜೆ ಅಂದರೆ ಎಳೆ ಹಲಸಿನ ಪಲ್ಯ, ಹಲಸಿನ ಬೀಜದ ಸಾರು, ಚಪ್ಪರದಲ್ಲಿ ಬಸಳೆ, ಬೇಲಿಯಲ್ಲಿ ನುಗ್ಗೆ. ಪೇಟೆಯಲ್ಲೂ ಕಾರು, ಫ್ರಿಜ್ಜು ಇದ್ದವರು ವಾರದ್ದು ತಂದಿಟ್ಟುಕೊಂಡರು. ಸಿಕ್ಕಿಬಿದ್ದವರು ಕ್ವಾರ್ಟರ್ಸಿನವರು, ಅಂದರೆ ಸಾಲು ಬಾಡಿಗೆ ಕೋಣೆಗಳಲ್ಲಿ ಇರುವವರು.

ಅಂಥ ಒಂದು ಕ್ವಾರ್ಟರ್ಸಿನ ಕಥೆ ಹೇಳುತ್ತೇನೆ. ಸಾಲು ಕೋಣೆಗಳು, ಮುಂದೆ ಸಿಮೆಂಟಿನ ಅಂಗಳ, ಒಂದು ಹರಿವೆ ಬೀಜ ಹಾಕಲೂ ಮಣ್ಣಿಲ್ಲ. ಅಲ್ಲಿ ಗದಗ ಕಡೆಯ ಒಂದು ಸಂಸಾರ. ಗಂಡನಿಗೆ ಕಟ್ಟಡದ ಕೆಲಸ. ಎಷ್ಟೋ ವರ್ಷದಿಂದ ಇಲ್ಲೇ, ಕಾರ್ಡೂ ಇಲ್ಲಿಯದೇ. ಗೋಡೆಯಾಚೆ ಮನೆ ಯಜಮಾನರ ಹಿತ್ತಿಲು. ಅಲ್ಲಿ ಹಲಸು ಬಿದ್ದು ಕೊಳೆಯುತ್ತಿತ್ತು, ಇಲ್ಲಿ ಮಕ್ಕಳು ಎರಡು ಹೊತ್ತೂ ಅನ್ನ ಬೇಳೆ ತಿನ್ನುತ್ತಿದ್ದರು. ಕೇಳಲು ಇವರಿಗೆ ನಾಚಿಕೆ. ಹಲಸು ಕೊಟ್ಟರೆ ಏನೆಂದುಕೊಂಡಾರೋ ಅಂತ ಅವರಿಗೂ ನಾಚಿಕೆ! ಆ ಮನೆಯಮ್ಮ ನನ್ನ ಪರಿಚಯದವರು. ನಾನು ಫೋನಿನಲ್ಲಿ, "ಎಂಥ ನಾಚಿಕೆ ಮಾರಾಯ್ರೆ, ಸುಮ್ನೆ ಕಳಿಸಿ" ಅಂದೆ. ಕಳಿಸಿದರು, ಎರಡು ದೊಡ್ಡ ಗುಜ್ಜೆ. ಸ್ವಲ್ಪ ಹೊತ್ತಿಗೆ ಆ ಹೆಂಗಸಿನದ್ದೇ ಫೋನು. "ಅಕ್ಕಾರ, ಇದನ್ನ ಹೆಂಗ ಹೆಚ್ಚೂದ್ರೀ? ಕೈಗೆಲ್ಲ ಅಂಟಾಗೇತಿ, ಈಳಗಿನೂ ಬಿಡವಲ್ದು."

"ಕಿಟ್ಟಿನಲ್ಲಿ ಬಂದ ತೆಂಗಿನೆಣ್ಣೆ ಇದೆಯಾ?"

"ಹಂಗ ಇಟ್ಟೀನ್ರೀ. ಅದರ ವಾಸನಿ ನಮ್ಮವರಿಗೆ ಆಗೂದಿಲ್ಲ."

"ಅದನ್ನು ಕೈಗೆ ಹಚ್ಚು, ಈಳಿಗೆಗೂ ಹಚ್ಚು" ಅಂದೆ. ಯಾರೂ ಮುಟ್ಟದ ಎಣ್ಣೆ ಹಾಗೆ ಕೆಲಸಕ್ಕೆ ಬಂತು. ಮನೆಯಮ್ಮ ಗೋಡೆಯ ಮೇಲಿಂದಲೇ ಹೇಳಿಕೊಟ್ಟರು, ಇವಳು ಪಲ್ಯ ಮಾಡಿ ಮೇಲೆ ಗುರೆಳ್ಳಿನ ಹಿಂಡಿ, ಅಂದರೆ ಅವರ ಕಡೆಯ ಚಟ್ನಿಪುಡಿ, ಉದುರಿಸಿ ಅದೇ ಗೋಡೆಯ ಮೇಲಿಂದ ಒಂದು ಬಟ್ಟಲು ಆಚೆ ದಾಟಿಸಿದಳು. ಗುಜ್ಜೆಗೆ ಗುರೆಳ್ಳು! ನಾವು ಕರಾವಳಿಯವರು ಯಾರೂ ಕನಸಲ್ಲೂ ಯೋಚಿಸದ ರುಚಿ. ಆ ಮನೆಯಲ್ಲಿ ಈಗಲೂ ಹಾಗೇ ಮಾಡುತ್ತಾರೆ. ಆಮೇಲೆ ಬಸಳೆ ಬಂತು, ಪಪ್ಪಾಯಿ ಬಂತು.

ಕಥೆ ಉದ್ದವಾಯಿತು, ಗಡಿಯಾರ ನೋಡುತ್ತಿದ್ದೇನೆ. ಹೇಳಬೇಕಾದದ್ದು ಇಷ್ಟೇ. ಎಲ್ಲ ಕ್ವಾರ್ಟರ್ಸಿನ ಗೋಡೆಯಾಚೆ ಹಲಸಿನ ಮರ ಇರುವುದಿಲ್ಲ, ಇಂಥ ಮನೆಯಮ್ಮನೂ ಇರುವುದಿಲ್ಲ. ಕ್ವಾರ್ಟರ್ಸಿನವರಿಗೆ ತರಕಾರಿ ಅಂದರೆ ಸಂಜೆ ಬರುವ ತಳ್ಳುಗಾಡಿ, ಮೀನು ಅಂದರೆ ತಲೆಯ ಮೇಲಿನ ಬುಟ್ಟಿ. ಹತ್ತು ರೂಪಾಯಿಗೂ ಕೊಡುತ್ತಾರೆ, ನಾಳೆ ಕೊಡಿ ಎಂದೂ ಬಿಟ್ಟು ಹೋಗುತ್ತಾರೆ. ಸೂಪರ್ ಮಾರ್ಕೆಟಿನಲ್ಲಿ ಹಾಗೆ ಆಗುತ್ತದಾ? ನಾವು ಆ ಗಾಡಿಯನ್ನೇ ಮೊದಲು ನಿಲ್ಲಿಸಿದೆವು.

ಬಾಗಿಲಿಗೆ ತಲುಪಿಸುವುದು ಕಷ್ಟ ಅನ್ನಬೇಡಿ. ಅಂಗನವಾಡಿ ಮುಚ್ಚಿದಾಗ ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರು ಮಾಡುವ ಅಮೃತಂ ಎಂಬ ಪೌಷ್ಟಿಕ ಪುಡಿ ಸಣ್ಣ ಮಕ್ಕಳ ಮನೆಗೇ ಹೋಯಿತಲ್ಲ? ಪುಡಿ ಹೋದ ದಾರಿಯಲ್ಲಿ ಸೊಪ್ಪು ಹೋಗಬಾರದೇ? ಪಂಚಾಯತ್ ಸದಸ್ಯರು, ನಗರಸಭೆಯವರು ಕೇಳುತ್ತಿದ್ದರೆ, ನಿಮ್ಮ ವಾರ್ಡಿನಲ್ಲಿ ಗಾಡಿ, ಬುಟ್ಟಿ ಎಷ್ಟಿವೆ ಎಂದು ಈಗಲೇ ಬರೆದಿಡಿ. ಮುಂದೆ ಪಾಸು ಕೊಡುವ ದಿನ ಬಂದರೆ ಮೊದಲ ಪಾಸು ಅವರಿಗೆ.

ಇನ್ನು ಅಡುಗೆಮನೆಯವರಿಗೆ ಬೇಗ ಬೇಗ ಎರಡು ಮಾತು. ಕಡಲೆ ಬೇಯಿಸಿದರೆ ಮೇಲೆ ಲಿಂಬೆ ಹಿಂಡಿ, ಅದರ ಕಬ್ಬಿಣಾಂಶ ಮೈಗೆ ಹಿಡಿಯುತ್ತದೆ. ಊಟವಾದ ಕೂಡಲೇ ಚಹಾ ಬೇಡ, ಒಂದು ಗಂಟೆ ತಡೆಯಿರಿ. ಗುರೆಳ್ಳಿನ ಹಿಂಡಿ ಮಾಡುವ ಕ್ರಮ ಬೇಕಾದರೆ ಆಕಾಶವಾಣಿಗೆ ಪತ್ರ ಬರೆಯಿರಿ, ಹೇಳುತ್ತೇನೆ. ನಮಸ್ಕಾರ.