ಕ್ಲಾಸಿನ್ಯಾಗ ತಿಳೀತೈತ್ರಿ, ಕುಂತ್ರ ಬರೂದಿಲ್ರಿ

ಕೇಳುಗರಿಗೆ ನಮಸ್ಕಾರ.

ಸಿಇಟಿ ಗದ್ದಲ ಮುಗಿದಿದೆ. ಸೀಟು ಸಿಕ್ಕವರು ಕಾಲೇಜು ಸೇರಿದ್ದಾರೆ. ಬೆಳಿಗ್ಗೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಚಿಗರಿ ಬಸ್ಸಿನಿಂದ ಇಳಿಯುವ ಹುಡುಗರನ್ನು ನೋಡಿದರೆ ಸಾಕು, ಫಸ್ಟ್ ಇಯರಿನವರು ಯಾರು ಅಂತ ಗೊತ್ತಾಗುತ್ತದೆ. ಅವರ ಐಡಿ ಕಾರ್ಡ್ ಕೊರಳಲ್ಲೇ ಇರುತ್ತದೆ. ಸೀನಿಯರ್‌ಗಳದ್ದು ಕಿಸೆಯಲ್ಲಿ.

ನಾನು ಇಂಜಿನಿಯರಿಂಗ್ ಮೊದಲ ವರ್ಷದವರಿಗೆ ಪಾಠ ಮಾಡುವವನು. ರೋಣದಿಂದ ಬಂದವರಿರಲಿ, ಹಿರೇಕೆರೂರಿನಿಂದ ಬಂದವರಿರಲಿ, ತಿಂಗಳು ಕಳೆಯುವ ಹೊತ್ತಿಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳುತ್ತಾರೆ: "ಸರ್, ಕ್ಲಾಸಿನ್ಯಾಗ ತಿಳೀತೈತ್ರಿ. ರೂಮಿಗೆ ಹೋಗಿ ಕುಂತ್ರ ಬರೂದಿಲ್ರಿ."

ಸುಳ್ಳಲ್ಲ ಅದು. ತಿಳಿದಿರುತ್ತದೆ, ಆದರೆ ಬರುವುದಿಲ್ಲ. ಅವ್ವ ರೊಟ್ಟಿ ಬಡಿಯುವುದನ್ನು ಹುಟ್ಟಿದಾಗಿನಿಂದ ನೋಡಿದ್ದೀರಿ. ಎಲ್ಲಿ, ಒಂದು ರೊಟ್ಟಿ ಬಡಿದು ತೋರಿಸಿ, ಹರಿಯದಂತೆ. ಇಂಜಿನಿಯರಿಂಗ್ ಮೊದಲ ವರ್ಷದ ಕಷ್ಟ ಇಷ್ಟೇ. ನೋಡಿದ್ದು ಕೈಗೆ ಬರಬೇಕು.

ಪಿಯುಸಿಯಲ್ಲಿ ಬೇರೆ ಲೆಕ್ಕ ಇತ್ತು. ವರ್ಷವೆಲ್ಲ ಹೇಗೋ ಕಳೆದರೂ ಜನವರಿ ಫೆಬ್ರವರಿಯಲ್ಲಿ ಹಟ ಹಿಡಿದು ಕುಳಿತರೆ ಮಾರ್ಕ್ಸ್ ಬರುತ್ತಿತ್ತು. ಇಲ್ಲಿ ಆ ಆಟ ನಡೆಯುವುದಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು, 2022ರಲ್ಲಿ ತಂದ ಸ್ಕೀಮ್ ನೋಡಿ. 100 ಅಂಕದಲ್ಲಿ 50 ಇಂಟರ್ನಲ್ಸ್, ಅಂದರೆ ಸೆಮಿಸ್ಟರ್ ನಡುವೆ ಕಾಲೇಜಿನಲ್ಲೇ ನಡೆಯುವ ಟೆಸ್ಟು, ಕೆಲಸಗಳದ್ದು; ಇನ್ನು 50 ಸೆಮಿಸ್ಟರ್ ಕೊನೆಯ ಪರೀಕ್ಷೆ. ಇಂಟರ್ನಲ್ಸ್‌ನಲ್ಲಿ 20 ಬರದಿದ್ದರೆ ಕೊನೆಯ ಪರೀಕ್ಷೆಗೆ ಕೂರಿಸುವುದೇ ಇಲ್ಲ. ಕೊನೆಯ ಪರೀಕ್ಷೆಯಲ್ಲಿ 50ಕ್ಕೆ 18 ಬೇಕು. ಹಾಗಾದರೆ 20 ಮತ್ತು 18 ಸಾಕಲ್ಲ ಅಂತೀರಾ? ಸಾಲದು, ಎರಡೂ ಸೇರಿ 40 ಆಗಲೇಬೇಕು. ಇದರ ಮೇಲೆ ಅಟೆಂಡೆನ್ಸ್ ಶೇಕಡಾ 85. ಹಾವೇರಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಂತೆ ವಿಟಿಯು ಕೆಳಗೆ ಇರುವ ಕಾಲೇಜುಗಳ ಲೆಕ್ಕ ಇದು. ನಮ್ಮ ಹುಬ್ಬಳ್ಳಿಯ ಹಳೆಯ ಬಿವಿಬಿ ಇಂಜಿನಿಯರಿಂಗ್ ಕಾಲೇಜು, 1947ರಲ್ಲಿ ಶುರುವಾದದ್ದು, ಈಗ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ. ಅಲ್ಲಿಯ ನಿಯಮ ಅವರದೇ. ಆದರೆ ಎಲ್ಲಿ ಓದಿದರೂ ವಾರವಾರದ ಕೆಲಸಕ್ಕೆ ವಾರವಾರವೇ ಅಂಕ ಬೀಳುತ್ತದೆ.

ಹುಡುಗರನ್ನು ಜಾಸ್ತಿ ಅಳಿಸುವ ವಿಷಯ ಇಂಜಿನಿಯರಿಂಗ್ ಡ್ರಾಯಿಂಗ್. ಈಗ ಕಂಪ್ಯೂಟರಿನಲ್ಲೇ ಗೆರೆ ಎಳೆಯುತ್ತಾರೆ, ಆದರೂ ವಸ್ತು ಕಣ್ಣಿಗೆ ಕಟ್ಟದಿದ್ದರೆ ಮೌಸ್ ಹಿಡಿದು ಸುಮ್ನೆ ಕೂರಬೇಕು. ಒಂದು ಲೆಕ್ಕ ಹೇಳುತ್ತೇನೆ. ಐದು ಮೂಲೆಯ ಒಂದು ತೆಳು ಹಲಗೆ. ಅದರ ಒಂದು ಅಂಚು ನೆಲದ ಮೇಲಿದೆ. ಹಲಗೆ ನೆಲಕ್ಕೆ 45 ಡಿಗ್ರಿ ಓರೆಯಾಗಿದೆ. ನೆಲದ ಮೇಲಿನ ಆ ಅಂಚು ಎದುರಿನ ಗೋಡೆಗೆ 30 ಡಿಗ್ರಿ ಓರೆ. ಮೇಲಿಂದ ನೋಡಿದರೆ ಹೇಗೆ ಕಾಣುತ್ತದೆ, ಮುಂದಿನಿಂದ ನೋಡಿದರೆ ಹೇಗೆ?

ಓದಿದರೆ ತಲೆ ತಿರುಗುತ್ತದೆ, ಅಲ್ವಾ? ಒಂದು ಹಳೆಯ ಲಗ್ನಪತ್ರಿಕೆ ತೆಗೆದುಕೊಳ್ಳಿ, ದಪ್ಪನೆಯದು. ಅದರಲ್ಲಿ ಐದು ಮೂಲೆಯ ತುಂಡು ಕತ್ತರಿಸಿ. ಟೇಬಲ್ಲನ್ನು ಗೋಡೆಗೆ ಒತ್ತಿ ಇಡಿ. ಟೇಬಲ್ಲೇ ನೆಲ, ಗೋಡೆಯೇ ಗೋಡೆ, ಎರಡೂ ಕೂಡುವ ಗೆರೆಯೇ ನಿಮ್ಮ ಎಕ್ಸ್-ವೈ ಗೆರೆ. ಮೊದಲು ತುಂಡನ್ನು ಟೇಬಲ್ಲಿನ ಮೇಲೆ ಮಲಗಿಸಿ, ಒಂದು ಅಂಚು ಗೋಡೆಗೆ ಲಂಬವಾಗಿ, ಅಂದರೆ 90 ಡಿಗ್ರಿಯಲ್ಲಿ, ಬರುವ ಹಾಗೆ. ಮೇಲಿಂದ ಪೂರ್ತಿ ಐದು ಮೂಲೆ ಕಾಣುತ್ತದೆ, ಮುಂದಿನಿಂದ ಬರೀ ಒಂದು ಗೆರೆ. ಈಗ ಆ ಅಂಚನ್ನು ಅಲ್ಲೇ ಇಟ್ಟು, ತುಂಡನ್ನು 45 ಡಿಗ್ರಿ ಎತ್ತಿ. ಮೇಲಿಂದ ನೋಡಿದರೆ ಆಕಾರ ಕುಗ್ಗಿದೆ. ಎತ್ತಿದ್ದನ್ನು ಹಾಗೇ ಹಿಡಿದು, ಅಂಚು ಗೋಡೆಗೆ 30 ಡಿಗ್ರಿ ಆಗುವವರೆಗೆ ತಿರುಗಿಸಿ. ಮೇಲಿನ ಚಿತ್ರ ಬದಲಾಗಲಿಲ್ಲ, ಬರೀ ತಿರುಗಿತು. ಬದಲಾದದ್ದು ಮುಂದಿನ ನೋಟ. ಮೂರು ಹೆಜ್ಜೆ, ಮೂರು ಜೋಡಿ ಚಿತ್ರ. ಹಾಳೆಯಲ್ಲಿ ಮುಂದಿನ ನೋಟ ಗೆರೆಯ ಮೇಲೆ, ಮೇಲಿನ ನೋಟ ಗೆರೆಯ ಕೆಳಗೆ. ಈ ತುಂಡು ಕತ್ತರಿಸಿದವರಿಗೆ ಒಂದೇ ಸಂಜೆಯಲ್ಲಿ ಲೆಕ್ಕ ತಲೆಗೆ ಹತ್ತಿದ್ದನ್ನು ನಾನು ನೋಡಿದ್ದೇನೆ. ಕತ್ತರಿಸದವರು ಸೀನಿಯರ್ ಶೀಟಿನ ಜೆರಾಕ್ಸ್ ಹುಡುಕುತ್ತಾರೆ.

ಸಿ ಪ್ರೋಗ್ರಾಮಿಂಗೂ ಹೀಗೇ. ಒಂದು ಸಂಖ್ಯೆಯ ಅಂಕಿಗಳನ್ನು ಕೂಡಿಸುವ ಪ್ರೋಗ್ರಾಂ ಎಲ್ಲರಿಗೂ ಬಾಯಿಪಾಠ. 347 ಕೊಟ್ಟರೆ ಲೂಪ್, ಅಂದರೆ ಮತ್ತೆ ಮತ್ತೆ ನಡೆಯುವ ಭಾಗ, ಎಷ್ಟು ಸಲ ತಿರುಗುತ್ತದೆ ಅಂತ ಕೇಳಿ, ಕ್ಲಾಸೇ ತಣ್ಣಗಾಗುತ್ತದೆ. ಪೆನ್ನು ಹಿಡಿದು ಮೂರು ಕಾಲಂ ಹಾಕಿ: ಸಂಖ್ಯೆ, ಶೇಷ, ಮೊತ್ತ. 347ನ್ನು 10ರಿಂದ ಭಾಗಿಸಿದರೆ ಶೇಷ 7, ಮೊತ್ತ 7, ಉಳಿದದ್ದು 34. ಆಮೇಲೆ ಶೇಷ 4, ಮೊತ್ತ 11, ಉಳಿದದ್ದು 3. ಆಮೇಲೆ ಶೇಷ 3, ಮೊತ್ತ 14, ಉಳಿದದ್ದು ಸೊನ್ನೆ. ಲೂಪ್ ನಿಂತಿತು. ಮೂರು ಸಲ. ಕಂಪ್ಯೂಟರ್ ಮುಟ್ಟುವ ಮೊದಲು ಇದನ್ನು ಹಾಳೆಯಲ್ಲಿ ಮಾಡಿದವರಿಗೆ ಲ್ಯಾಬಿನಲ್ಲಿ ತಪ್ಪು ಎಲ್ಲಿದೆ ಅಂತ ಹುಡುಕಲು ಬರುತ್ತದೆ.

ಯೂಟ್ಯೂಬ್ ಬೇಡ ಅನ್ನುವುದಿಲ್ಲ. ಒಳ್ಳೊಳ್ಳೆಯ ಪಾಠಗಳಿವೆ. ಆದರೆ ಅದೂ ಇನ್ನೊಂದು ಕ್ಲಾಸೇ. ಅಲ್ಲಿಯೂ ತಿಳಿಯುತ್ತದೆ, ಕುಳಿತರೆ ಬರುವುದಿಲ್ಲ.

ಇನ್ನು ಕನ್ನಡ ಮಾಧ್ಯಮದಲ್ಲಿ ಓದಿ ಬಂದವರ ವಿಷಯ. ಇಂಗ್ಲಿಷ್ ಬರೋದಿಲ್ಲ ಅಂತ ಹಿಂದಿನ ಬೆಂಚಿಗೆ ಹೋಗಿ ಕೂರುತ್ತಾರೆ. ಡ್ರಾಯಿಂಗಿಗೆ ಎಷ್ಟು ಇಂಗ್ಲಿಷ್ ಬೇಕು ಹೇಳಿ? ಪ್ರಶ್ನೆಯ ಎರಡು ಸಾಲು ಅರ್ಥವಾದರೆ ಮುಗಿಯಿತು. ಡೌಟು ಕನ್ನಡದಲ್ಲೇ ಕೇಳಿ. ಇಲ್ಲಿ ಪಾಠ ಮಾಡುವವರಲ್ಲಿ ಬಹಳ ಮಂದಿ ಗದಗ, ಬಾಗಲಕೋಟೆ, ಬೆಳಗಾವಿ ಕಡೆಯವರೇ. "ಸರ್, ಇದು ಹ್ಯಾಂಗ ಬಂತ್ರಿ?" ಅಂದರೆ ಯಾರೂ ಅಂಕ ಕಡಿಮೆ ಮಾಡುವುದಿಲ್ಲ.

ಗದಗಿನಿಂದ ದಿನಾ ರೈಲಿನಲ್ಲಿ ಓಡಾಡುವವರ ಪಾಡು ಬೇರೆ. ಮನೆ ಮುಟ್ಟುವಾಗ ಕತ್ತಲಾಗಿರುತ್ತದೆ. ಅವರಿಗೆ ನನ್ನ ಸಲಹೆ: ಮನೆಯಲ್ಲಿ ಮಾಡುತ್ತೇನೆ ಅನ್ನುವ ಆಸೆ ಬಿಡಿ. ಎರಡು ಪಿರಿಯಡ್ ನಡುವೆ ಕ್ಯಾಂಟೀನಿನಲ್ಲಿ ಕಳೆಯುವ ಹೊತ್ತನ್ನು ಲೈಬ್ರರಿಯಲ್ಲಿ ಕಳೆಯಿರಿ. ಅವತ್ತಿನ ಒಂದು ಲೆಕ್ಕ ಅಲ್ಲೇ, ಪುಸ್ತಕ ಮುಚ್ಚಿ, ಮಾಡಿ. ತಿನ್ನಲು ಗಿರಮಿಟ್ ಬೇಕಾದರೆ, ಸ್ಟೇಷನ್ ದಾರಿಯಲ್ಲೂ ಸಿಗುತ್ತದೆ.

ತಂದೆ ತಾಯಂದಿರಿಗೂ ಒಂದು ಮಾತು. ಪಿಯುಸಿಯಲ್ಲಿ 90 ತೆಗೆದ ಮಗಳು ಮೊದಲ ಸೆಮಿಸ್ಟರಿನಲ್ಲಿ 10ಕ್ಕೆ 6.8 ಅಂದರೆ ಮನೆಯಲ್ಲಿ ದುಃಖ ಮಾಡಬೇಡಿ. ಒಂದು ಸಬ್ಜೆಕ್ಟ್ ಫೇಲಾಗಿ ಬ್ಯಾಕ್ ಉಳಿದರೂ ಇಂಟರ್ನಲ್ಸ್ ಸರಿ ಇದ್ದರೆ ಮುಂದಿನ ಸಲ ಪರೀಕ್ಷೆ ಬರೆಯಬಹುದು. ಇಂಟರ್ನಲ್ಸಲ್ಲೇ ಕಡಿಮೆ ಬಿದ್ದರೆ ಆ ವಿಷಯಕ್ಕೆ ಮತ್ತೆ ಹೆಸರು ನೋಂದಾಯಿಸಿ, ಮತ್ತೆ ಕ್ಲಾಸಿಗೆ ಕೂರಬೇಕು. ಹಾಗಾಗಿ ಫೋನ್ ಮಾಡಿದಾಗ ರಿಸಲ್ಟ್ ಯಾವಾಗ ಅಂತ ಕೇಳುವ ಬದಲು, ಮೊದಲ ಇಂಟರ್ನಲ್ಸ್ ಯಾವಾಗ ಅಂತ ಕೇಳಿ. ಈ ಸೆಮಿಸ್ಟರಿನದು ಇನ್ನೇನು ಬಂದೇ ಬಿಟ್ಟಿದೆ.

ನಮಸ್ಕಾರ.